ಬಾಲ ಕಿತ್ತ ಗಿಟಾರು

ಗುಡುಗನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವ ವಿದ್ಯೆ ಜನರಿಗಿದ್ದ ಕಾಲದಲ್ಲಿ ಮಾರ್ದನಿಪುರವೆಂಬ ರಾಜ್ಯವಿತ್ತು. ಅಲ್ಲಿ ಮಿಂಚುಗಿಟಾರು ಮಾಡುವ ಮನೆಯೊಂದಿತ್ತು. ಹಲಸಿನ ಒಂದೇ ತುಂಡಿನಲ್ಲಿ ಕಡೆದ ಗಿಟಾರು. ಹೊಟ್ಟೆಯಲ್ಲಿ ಪೊಳ್ಳಿಲ್ಲ, ಬರೀ ಗಟ್ಟಿ ಮರ. ಅದರ ಉದ್ದನೆಯ ಬಾಲವನ್ನು ಗುಡುಗುಪೆಟ್ಟಿಗೆಗೆ ಸಿಕ್ಕಿಸಿದರೆ ಏಳೂರಿಗೆ ಕೇಳುತ್ತಿತ್ತು. ಬಾಲ ಕಿತ್ತರೆ? ಮಡಿಲಲ್ಲಿಟ್ಟುಕೊಂಡವರಿಗೆ ಚೆನ್ನಾಗಿ ಕೇಳುತ್ತದೆ, ಎದುರು ಕೂತವರಿಗೆ ಅರ್ಧಂಬರ್ಧ, ನಾಲ್ಕು ಮಾರು ಆಚೆ ನಿಂತವರಿಗೆ ಏನೂ ಇಲ್ಲ.

ಆ ಮನೆಯವರು ಹೊಸ ಗಿಟಾರನ್ನು ಪರೀಕ್ಷಿಸುವಾಗ ಬಾಲ ಸಿಕ್ಕಿಸುತ್ತಿರಲಿಲ್ಲ. ಮರದ ಅಂಚಿಗೆ ಹಲ್ಲೂರಿ ತಂತಿ ಮೀಟುತ್ತಿದ್ದರು. ಆಗ ನಾದ ಕಿವಿಯ ದಾರಿ ಹಿಡಿಯದೆ ನೇರ ತಲೆಬುರುಡೆಯೊಳಗೆ ಮೊಳಗುತ್ತದೆ. “ಮರದಲ್ಲಿ ಬಿರುಕಿದ್ರೆ ಮೊದಲು ಹಲ್ಲಿಗೆ ಗೊತ್ತಾಗುತ್ತೆ” ಎಂದು ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೂ ಕಲಿಸಿದ್ದ. ದೊಡ್ಡವಳು ಕೇದಗೆ, ಚಿಕ್ಕವಳು ಸುರಗಿ.

ರಾಜ್ಯದ ಅಂಚಿನ ಕಲ್ಲುಕೋಟೆಯಲ್ಲಿ ನಿರ್ಘೋಷನೆಂಬ ಮಂತ್ರವಾದಿಯಿದ್ದ. ಒಂದು ಹಾಡನ್ನು ಮೊದಲಿಂದ ಕೊನೆತನಕ ಕೇಳಿದರೆ ಬೂದಿಯಾಗುವನೆಂದು ಅವನಿಗೆ ಶಾಪವಿತ್ತು. ಅದಕ್ಕೇ ಕಿವಿಗೆ ಮೇಣ ತುಂಬಿಕೊಂಡು, ಸಿಕ್ಕ ವಾದ್ಯಗಳನ್ನೆಲ್ಲ ಸುಡಿಸುತ್ತಿದ್ದ. ಒಂದು ಸುಗ್ಗಿಯ ದಿನ ಕೇದಗೆ ಬಾಲ ಸಿಕ್ಕಿಸಿ ನುಡಿಸಿದಳು, ಸುರಗಿ ಹಾಡಿದಳು.

“ಸಾಕು ಅಕ್ಕ, ಜೋರಾಯ್ತು. ಕೋಟೆಗೆ ಕೇಳಿಸುತ್ತೆ.”

“ಕೇಳಿಸಲಿ ಬಿಡೇ” ಎಂದಳು ಕೇದಗೆ, ಇನ್ನಷ್ಟು ಜೋರು ಮಾಡಿದಳು.

ಮೇಣವೂ ನಡುಗುವಷ್ಟು ಜೋರು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನಿರ್ಘೋಷ ಬಂದಿಳಿದ. ಹಾಡುತ್ತಿದ್ದವಳನ್ನು ಎತ್ತಿಕೊಂಡು ಹೋಗಿ ಕಲ್ಲು ಮಾಡಿ, ಆ ಕಲ್ಲಿನ ತೊಡೆಯನ್ನೇ ತನ್ನ ತಲೆದಿಂಬು ಮಾಡಿಕೊಂಡ. ವರ್ಷ ತುಂಬಿದರೆ ಕಲ್ಲು ಎಂದೆಂದಿಗೂ ಕಲ್ಲೇ. ರಾಜನ ಸೈನ್ಯ ನಗಾರಿ ಬಾರಿಸುತ್ತ ಹೋಯಿತು, ಒಬ್ಬರೂ ಹಿಂದಿರುಗಲಿಲ್ಲ. “ಕೇಳಿಸಲಿ ಬಿಡೇ” ಎಂದ ತನ್ನ ಮಾತನ್ನು ಕೇದಗೆ ಮರೆಯಲಿಲ್ಲ. ವರ್ಷದ ಕಡೆಯ ದಿನ ಅವಳು ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು.

ಮೊದಲ ಬಾಗಿಲಲ್ಲಿ ಕಾವಲುಗಾರ ಅವಳನ್ನು ತಡೆದ. ಪೊಳ್ಳು ವಾದ್ಯಗಳನ್ನೆಲ್ಲ ಬೆರಳಿನಿಂದ ಬಡಿದು ಗುರುತಿಸಿ ಬೆಂಕಿಗೆ ಹಾಕುವುದು ಅವನ ಕೆಲಸ. ಗಿಟಾರನ್ನು ಬಡಿದ, ಟಕ್ ಎಂದಿತು. ಬಾಲವನ್ನು ಕಿತ್ತು ಬೆಂಕಿಗೆಸೆದ. ತೋಳಳತೆ ದೂರದಲ್ಲಿ ಹಿಡಿದು ತಂತಿ ಮೀಟಿ ನೋಡಿದ.

“ಸೊಳ್ಳೆನೇ ಇದಕ್ಕಿಂತ ವಾಸಿ. ಬಾಲ ಹೋದಮೇಲೆ ಇದು ಬರೀ ಹಲಗೆ. ಒಳಗ್ಯಾಕೆ ಹೋಗ್ತೀಯಮ್ಮ? ಹೋದವರ್‍ಯಾರೂ ಬಂದಿಲ್ಲ.”

“ನನ್ನ ತಂಗಿ ಇದಾಳೆ” ಎಂದಳು. ಅವನು ತಲೆ ತಗ್ಗಿಸಿ ದಾರಿ ಬಿಟ್ಟ.

ಎರಡನೆಯ ಬಾಗಿಲಾಚೆ ಬೋಳು ಮರಗಳ ತುಂಬ ಮೈನಾ ಹಕ್ಕಿಗಳು. ಅವು ಕರೆದಾಗ ಓಗೊಟ್ಟವರು ತಾವೂ ಮೈನಾ ಆಗುತ್ತಿದ್ದರು. ರಾಜನ ಸೈನ್ಯದ ಅರ್ಧ ಆ ಕೊಂಬೆಗಳ ಮೇಲಿತ್ತು. “ಅಕ್ಕಾ, ಇಲ್ಲಿದೀನಿ” ಎಂದವು, ಸುರಗಿಯದೇ ದನಿಯಲ್ಲಿ. “ಯಾಕಕ್ಕ ಜೋರು ಮಾಡಿದೆ?” ಎಂದವು. ತಪ್ಪಾಯಿತೆನ್ನಲು ಬಾಯಿ ತೆರೆದ ಕೇದಗೆ ಆ ಬಾಯಿಗೆ ಗಿಟಾರಿನ ಅಂಚು ತುರುಕಿ, ಹಲ್ಲು ಕಚ್ಚಿ, ತಂತಿ ಮೀಟುತ್ತ ನಡೆದಳು. ಅವಳ ತಲೆಯೊಳಗೆ ಮಾತ್ರ ಗಿಟಾರು ಮೊಳಗಿತು. ಹಕ್ಕಿಗಳ ಕೂಗು ಅದರಲ್ಲಿ ಮುಳುಗಿಹೋಯಿತು.

ಮೂರನೆಯ ಬಾಗಿಲಾಚೆ ಕಲ್ಲಿನ ಹಜಾರ. ಅಲ್ಲಿ ನೂರ್ಗಿವಿ ಎಂಬ ಮೃಗ ಸುತ್ತುತ್ತಿತ್ತು. ಅದಕ್ಕೆ ಕಣ್ಣಿಲ್ಲ, ಮೈತುಂಬ ಕಿವಿ; ಸದ್ದು ಕೇಳಿದತ್ತ ಹಾರಿ ನುಂಗುವುದಷ್ಟೇ ಗೊತ್ತು. ನಡುವೆ ಸುರಗಿ ಕಲ್ಲಾಗಿ ಕೂತಿದ್ದಳು, ಬಾಯಿ ಅರ್ಧ ಹಾಡಿಗೆ ತೆರೆದೇ ಇತ್ತು. ಅವಳ ತೊಡೆಯ ಮೇಲೆ ತಲೆಯಿಟ್ಟು ನಿರ್ಘೋಷ ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದ.

ಕೇದಗೆ ಬರಿಗಾಲಲ್ಲಿ ಹತ್ತಿರ ಹೋಗಿ, ಗಿಟಾರಿನ ಅಂಚನ್ನು ತಂಗಿಯ ಕಲ್ಲುಹಲ್ಲಿಗೆ ಒತ್ತಿ ಹಿಡಿದಳು. ಉಗುರು ಬಿಟ್ಟು ಹೆಬ್ಬೆರಳಿನ ಮೆತ್ತೆಯಿಂದ ಸುಗ್ಗಿಯ ಹಾಡನ್ನು ಶುರು ಮಾಡಿದಳು. ಮೃಗ ಹತ್ತು ಮಾರು ದೂರವಿತ್ತು. ಆರಾಯಿತು. ನಾಲ್ಕಾಯಿತು. ಅದರ ಕಿವಿಗಳು ಒಂದೊಂದಾಗಿ ನಿಮಿರಿದವು. ನಿಲ್ಲಿಸಿದರೆ ಹಾಡು ಮುರಿಯುತ್ತದೆ, ತಂಗಿ ಹೋಗುತ್ತಾಳೆ. ಕೇದಗೆ ಉಸಿರು ಹಿಡಿದು ತಂತಿಗಳನ್ನು ಬರೀ ಸವರಿದಳು. ಗಾಳಿಯಲ್ಲಿ ಏನೂ ಉಳಿಯಲಿಲ್ಲ. ಅವಳಿಗೇ ಕೇಳಿಸಲಿಲ್ಲ, ಮರ ನಡುಗುವುದು ಅಂಗೈಗೆ ತಿಳಿಯುತ್ತಿತ್ತು, ಅಷ್ಟೇ. ಮೃಗ ಅವಳ ಬೆನ್ನನ್ನು ಮೂಸಿ ಮುಂದೆ ಹೋಯಿತು.

ಮರದಿಂದ ಹಲ್ಲಿಗೆ, ಹಲ್ಲಿನಿಂದ ಕಲ್ಲುಮೈಗೆ, ತೊಡೆಯಿಂದ ನಿರ್ಘೋಷನ ಬುರುಡೆಗೆ ಹಾಡು ಇಳಿಯಿತು. ಅವನು ಕಣ್ಣು ಬಿಟ್ಟು ಕಿವಿ ಮುಚ್ಚಿಕೊಂಡ. ಎಷ್ಟು ಮುಚ್ಚಿಕೊಂಡರೇನು, ಹಾಡು ಆ ದಾರಿಯಲ್ಲಿ ಬರುತ್ತಲೇ ಇರಲಿಲ್ಲ. ಏಳುವ ಹೊತ್ತಿಗೆ ಕಡೆಯ ಸ್ವರ ಮುಗಿದಿತ್ತು. ತೊಡೆಯ ಮೇಲೆ ಒಂದು ಹಿಡಿ ಬೂದಿ ಬಿದ್ದಿತ್ತು.

ನೂರ್ಗಿವಿಯ ಕಿವಿಗಳು ಉದುರಿ ಅದು ಬಡ ಕರಡಿಯಾಗಿ ಕಾಡಿಗೆ ಓಡಿತು. ಮೈನಾಗಳು ಮನುಷ್ಯರಾದವು. ಸುರಗಿಯ ಕಲ್ಲು ಕರಗಿತು.

“ಅಕ್ಕ” ಎಂದಳು.

“ತಪ್ಪಾಯ್ತು ಕಣೇ, ನಿನ್ನ ಮಾತು ಕೇಳಲಿಲ್ಲ ನಾನು.”

ಸುರಗಿ ಅವಳ ತುಟಿಗಳನ್ನೇ ನೋಡಿದಳು. ಹಾಡು ಎಲುಬಿನಲ್ಲಿ ಹಾದುಹೋಗಿತ್ತು, ಕಿವಿಗಳನ್ನು ಮುಟ್ಟಿರಲಿಲ್ಲ. ಅವೆರಡು ಕಲ್ಲಾಗಿಯೇ ಉಳಿದಿದ್ದವು.

ಮಾರ್ದನಿಪುರದ ಕಷ್ಟ ಕಳೆಯಿತು. ಮನೆಮನೆಯಲ್ಲಿ ಗಿಟಾರಿಗೆ ಬಾಲ ಬಂತು, ಏಳೂರೂ ಮೊಳಗಿತು, ಎಲ್ಲರೂ ಸುಖವಾಗಿದ್ದರು. ಕೇದಗೆ ಮಾತ್ರ ತನ್ನ ಗಿಟಾರಿಗೆ ಬಾಲ ಕಟ್ಟಲಿಲ್ಲ. ಸಂಜೆ ಅಕ್ಕ ತಂಗಿ ಜಗಲಿಯಲ್ಲಿ ಕೂರುತ್ತಿದ್ದರು. ದಾರಿಹೋಕರಿಗೆ ಏನೂ ಕೇಳಿಸುತ್ತಿರಲಿಲ್ಲ. ಸುರಗಿ ಮರದ ಅಂಚಿಗೆ ಹಲ್ಲೂರಿ ಕಣ್ಣು ಮುಚ್ಚುತ್ತಿದ್ದಳು. ಒಮ್ಮೊಮ್ಮೆ ಮುಖ ಎತ್ತಿ, “ಸಾಕು ಅಕ್ಕ, ಜೋರಾಯ್ತು” ಎನ್ನುತ್ತಿದ್ದಳು.

ಕೇದಗೆ ಕೂಡಲೇ ಬೆರಳು ಹಗುರ ಮಾಡುತ್ತಿದ್ದಳು.