ಕುಮಟೆಯಲ್ಲಿ ಮಾತ್ರ ಹೆಂಡತಿ

ಸುಹಾಸನ ಕಣ್ಣು ಕೆಟ್ಟಿದ್ದು ಅಡಿಟಿಪ್ಪಣಿ ಓದಿ ಓದಿ. ಹೊನ್ನಾವರದ ಕಾಲೇಜಿನಲ್ಲಿ ಕಾನೂನು ಪಾಠ ಹೇಳುವ ಈ ಮನುಷ್ಯ ವರ್ಷಗಟ್ಟಲೆಯಿಂದ ಒಂದು ಪಿಎಚ್‌.ಡಿ.ಯ ಬೆನ್ನು ಬಿದ್ದಿದ್ದ. ಯುರೋಪಿನ ದೇಶಗಳೆಲ್ಲ ಸೇರಿ ತಮ್ಮ ಮೇಲೆ ತಾವೇ ಒಂದು ದೊಡ್ಡ ಕಾನೂನು ಹೇರಿಕೊಂಡಿವೆಯಲ್ಲ, ಅದು ಆಯಾ ದೇಶದ ಮದುವೆ, ವಿಚ್ಛೇದನದ ಕಾನೂನನ್ನು ಹೇಗೆ ಬದಲಿಸಿತು ಎಂಬುದು ಅವನ ವಿಷಯ. ಇದರಿಂದ ಯಾರಿಗೆ ಎಂತ ಉಪಯೋಗ ಎಂದು ಊರವರು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಕೆಲವು ದಿನ ಅವನೂ ಅದನ್ನೇ ಕೇಳಿಕೊಳ್ಳುತ್ತಿದ್ದ.

ಕುಮಟೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಶ್ರೀಗೌರಿ.

"ಗದ್ದ ಇಲ್ಲಿಡಿ. ನನ್ನ ಕಿವಿ ನೋಡಿ" ಎಂದಳು, ಮಷಿನ್ನಿನ ಆಚೆ ಬದಿಯಿಂದ.

ಅವನು ಕಿವಿ ನೋಡಿದ. ಸಣ್ಣದೊಂದು ಓಲೆ, ಅದರ ಪಕ್ಕದಲ್ಲಿ ಜಡೆಗೆ ಸಿಗದೆ ಉಳಿದ ನಾಲ್ಕು ಕೂದಲು. ಸ್ವಲ್ಪ ಹೊತ್ತಿಗೆ ನೋಟ ಕಿವಿ ಬಿಟ್ಟು ಕಣ್ಣಿಗೆ ಬಂತು.

"ಕಿವಿ ಅಂದೆ ನಾನು."

"ಕಿವಿನೇ ನೋಡ್ತಾ ಇದ್ದೆ."

"ಸುಳ್ಳು ಹೇಳಿದ್ರೆ ಇದ್ರಲ್ಲಿ ಕಾಣ್ತು."

ಅವಳು ನಗಲಿಲ್ಲ, ಆದರೆ ನಗುವನ್ನು ತಡೆದುಕೊಂಡದ್ದು ಗಲ್ಲದಲ್ಲಿ ಗೊತ್ತಾಯಿತು. ಹತ್ತಿರದ ಅಕ್ಷರ ಓದಿಸಬೇಕಾದಾಗ ಕಾರ್ಡು ಬಿಟ್ಟು ಅವನ ಚೀಲದಿಂದ ಇಣುಕುತ್ತಿದ್ದ ಹಾಳೆಯನ್ನೇ ಎಳೆದು ಅವನ ಮುಂದೆ ಹಿಡಿದಳು. ಅವನು ಓದುತ್ತ ಹೋದ: ಲಿಸ್ಬನ್ನಿನ ಕೋರ್ಟು ಕೊಟ್ಟ ವಿಚ್ಛೇದನ ಪ್ಯಾರಿಸ್ಸಿನಲ್ಲೂ ತಾನಾಗಿಯೇ ಊರ್ಜಿತ. ಹಾಳೆ ಹಿಡಿದ ಅವಳ ಕೈ ಮೆಲ್ಲಗೆ ಕೆಳಗಿಳಿಯಿತು.

"ತಾನಾಗಿಯೇ ಅಂದ್ರೆ?"

"ಬೇರೆ ಅರ್ಜಿ ಬೇಡ. ಒಂದು ದೇಶದ ತೀರ್ಪು ಒಕ್ಕೂಟದ ಉಳಿದ ದೇಶಕ್ಕೂ ಸಾಕು."

"ಕುಮಟೆಗೆ?"

"ಕುಮಟೆಗೆ ಸಾಲ್ತಿಲ್ಲೆ. ನಮ್ಮ ಕೋರ್ಟು ಒಪ್ಪಬೇಕು."

"ಹಾಗಾದ್ರೆ ನಾನು ಕುಮಟೆಯಲ್ಲಿ ಮಾತ್ರ ಹೆಂಡತಿ" ಎಂದಳು ಶ್ರೀಗೌರಿ. ಆಮೇಲೆ ಏನೂ ಆಗದವಳ ಹಾಗೆ, "ಈಗ ಎಡಗಣ್ಣು ಮುಚ್ಚಿ" ಎಂದಳು.

ಅವಳ ಗಂಡ ನಾಗಪತಿ ಹೋಟೆಲ್ ಕೆಲಸಕ್ಕೆಂದು ಲಿಸ್ಬನ್ನಿಗೆ ಹೋದವನು. ಇವಳನ್ನೂ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದ, ಕರೆಸಲಿಲ್ಲ. ಅಲ್ಲೇ ವಿಚ್ಛೇದನಕ್ಕೆ ಅರ್ಜಿ ಹಾಕಿ, ಇವಳು ಯಾವತ್ತೋ ಬಿಟ್ಟ ಬಾಡಿಗೆ ಮನೆಯ ವಿಳಾಸಕ್ಕೆ ನೋಟಿಸು ಕಳಿಸಿ, ತೀರ್ಪು ಬಂದಮೇಲೆ ಅದರ ಫೋಟೊವನ್ನು ವಾಟ್ಸ್‌ಆ್ಯಪ್ ಮಾಡಿದ. ಗೊತ್ತಿಲ್ಲದ ಭಾಷೆಯ ಮೂರು ಪುಟ. ಅವನ ಫೋನು ಅವತ್ತಿನಿಂದ ಉತ್ತರ ಕೊಟ್ಟಿಲ್ಲ. ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದ ಹೆಂಗಸರು ಇವಳ ಮುಂದೆ ಬಂದಾಗ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರು. ಕೊಟ್ಟವರೂ ಇದ್ದರು, ದಾಟಿ ಹೋದವರೂ ಇದ್ದರು.

ಸುಹಾಸ ತಾನು ಹಿಂದೆ ಬರೆದ ಲೇಖನವೊಂದನ್ನು ಅವಳಿಗೆ ಓದಲು ಕೊಟ್ಟ. ಯುರೋಪಿನ ಆ ದೊಡ್ಡ ಕಾನೂನು ಕೂಡ, ಹೆಂಡತಿಗೆ ತಿಳಿಸದೆ ಪಡೆದ ವಿಚ್ಛೇದನವನ್ನು ಬೇರೆ ದೇಶಗಳು ತಿರಸ್ಕರಿಸಬೇಕು ಎನ್ನುತ್ತದೆ. ಅವಳ ಮಾತು ಕೇಳದ ತೀರ್ಪಿಗೆ ನಮ್ಮ ಕೋರ್ಟುಗಳೂ ತಲೆಬಾಗಬಾರದು ಎಂದು ಅದರಲ್ಲಿ ಜಗಳ ಆಡುವವನ ಹಾಗೆ ವಾದಿಸಿದ್ದ. ಅದನ್ನು ಓದಿದ ಮಾರನೇ ದಿನ ಅವಳು ಬಸ್ಸು ಹತ್ತಿ ಅವನ ಕಾಲೇಜಿನ ಲೈಬ್ರರಿಗೆ ಬಂದಳು. ಏನೂ ಕೇಳಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಥ್ಯಾಂಕ್ಸ್ ಎಂದಳು, ಎದ್ದು ಹೋದಳು.

ಅಲ್ಲಿಂದ ಸುಹಾಸ ಕೆಟ್ಟ. ಕನ್ನಡಕ ಮೂಗಿನ ಮೇಲೆ ಸರಿ ಕೂರುವುದಿಲ್ಲ ಎಂದು ವಾರಕ್ಕೊಮ್ಮೆ ಕುಮಟೆಗೆ ಓಡಿದ. ಅವಳು ಅದನ್ನು ಬಿಚ್ಚಿ, ಉಫ್ ಎಂದು ಊದಿ, ಒರೆಸಿ, ಎರಡೂ ಕೈಯಿಂದ ಅವನ ಕಿವಿಯ ಮೇಲೆ ಕೂರಿಸುತ್ತಿದ್ದಳು. "ಈಗ ಕಾಣ್ತಾ?" ಎಂದರೆ, "ಈಗಷ್ಟೇ ಕಾಣ್ತಾ ಇದ್ದು" ಎನ್ನುತ್ತಿದ್ದ. ಅವಳು ಕಣ್ಣು ತಗ್ಗಿಸುತ್ತಿದ್ದಳು, ಆದರೆ ಕೈ ತಕ್ಷಣ ತೆಗೆಯುತ್ತಿರಲಿಲ್ಲ.

ಊಟ ಸೇರದಾಯಿತು. ಅವಳು ಇನ್ನೊಬ್ಬನ ಹೆಂಡತಿ ಎಂಬುದು ಎದೆಗೆ ಕಚ್ಚಿಕೊಂಡಿತ್ತು. ಬಿಟ್ಟು ಹೋದ ಎಂದು ಇಲ್ಲಿ ಕೇಸು ಹಾಕಿದರೆ ಎಷ್ಟು ವರ್ಷವೋ. ಇಬ್ಬರೂ ಒಪ್ಪಿ ಬಿಡೋಣವೆಂದರೆ ನಾಗಪತಿ ಮಾತಿಗೇ ಸಿಗುವುದಿಲ್ಲ. ಉಳಿದಿದ್ದು ಒಂದೇ ಒಳದಾರಿ: ತಿಳಿಸದೆ ಕೊಟ್ಟ ತೀರ್ಪನ್ನು ಹೆಂಡತಿಯೇ ಆಮೇಲೆ ಒಪ್ಪಿದರೆ ಅದರ ದೋಷ ಹೋಗುತ್ತದೆ. ಯುರೋಪಿನಲ್ಲಿ ಹಾಗಿದೆ, ನಮ್ಮಲ್ಲೂ ಹಾಗೆಯೇ ವಾದಿಸಬಹುದು. ಸುಹಾಸ ಹುಚ್ಚು ಹಿಡಿದವನಂತೆ ಅವಳ ಹೆಸರಿನಲ್ಲಿ ಒಂದು ಅಫಿಡವಿಟ್ ಬರೆದ.

ಶ್ರೀಗೌರಿಯನ್ನು ಅಪ್ಸರಕೊಂಡದ ಗುಡ್ಡಕ್ಕೆ ಬರಹೇಳಿ, ಕೆಳಗೆ ಸಮುದ್ರ ಕಾಣುವ ಕಟ್ಟೆಯ ಮೇಲೆ ಅದನ್ನು ಅವಳ ಮುಂದಿಟ್ಟ. ಅವಳು ಓದಿದಳು: ಲಿಸ್ಬನ್ನಿನ ತೀರ್ಪನ್ನು ನಾನು ಮನಃಪೂರ್ವಕವಾಗಿ ಒಪ್ಪಿರುತ್ತೇನೆ.

"ಇದ್ರಲ್ಲಿ ಸುಳ್ಳಿದ್ದು."

"ಯಾವ್ದು?"

"ಮನಃಪೂರ್ವಕ."

"ಆ ಶಬ್ದ ತೆಗೆಯೋಣ."

"ತೆಗೆದ್ರೆ ಎಂತ ಉಳಿತು?"

ಸುಹಾಸ ಪೆನ್ನು ತೆಗೆದು ಅವಳ ಮುಂದೆ ಹಿಡಿದ. "ನಂಗೆ ಆಗ್ತಿಲ್ಲೆ ಶ್ರೀಗೌರಿ. ನಿಮ್ಮನ್ನ ನೋಡದೆ ಇದ್ದ ದಿನ ಪಾಠ ಮಾಡಲೂ ಆಗ್ತಿಲ್ಲೆ. ಒಂದು ಸಹಿ, ಎಲ್ಲ ಮುಗಿತು. ಬೇಕಾದ್ರೆ ಆ ಲೇಖನ ನಾನು ಬರೆದಿದ್ದೇ ಅಲ್ಲ ಹೇಳಿ ಬಿಡ್ತೆ."

"ಅದನ್ನ ಓದಿ ನಾನು ಎಷ್ಟು ಅತ್ತಿದ್ದೆ ಗೊತ್ತಿದ್ದಾ? ನನ್ನ ಪರವಾಗಿ ಒಬ್ಬರಾದ್ರೂ ಮಾತಾಡಿದ್ರಲ್ಲ ಹೇಳಿ. ಅದನ್ನೀಗ ನನ್ನ ಕೈಯಲ್ಲೇ ಅಳಿಸ್ತ್ರಾ?"

ಅವಳು ಕಾಗದ ಮಡಚಿದಳು.

"ಮೊನ್ನೆ ಸಂತೆಗುಳಿಯ ಉಪನಯನದ ಮನೆಯಲ್ಲಿ ನಿಮ್ಮ ಮಹಾಲಕ್ಷ್ಮೀ ಅತ್ತೆ ಸಿಕ್ಕಿದ್ರು. ವೈಶಾಖದಲ್ಲಿ ಮದುವೆ ಅಂತೆ ನಂದು. ನಿಮ್ಮ ಜೊತೆಗೆ. 'ಸುಹಾಸ ಎಲ್ಲ ಹೇಳಿದ್ದ ತಂಗಿ, ಒಂದು ಸಹಿ ಬಾಕಿ' ಅಂದ್ರು."

"ಅದು, ಅತ್ತೆ ಹತ್ರ ಸುಮ್ನೆ..."

"ಮದುವೆ ನಿಶ್ಚಯ ಮಾಡಕಾದ್ರೆ ಅಪ್ಪ ನನ್ನ ಕೇಳಿದ್ನಿಲ್ಲೆ. ಬಿಡಕಾದ್ರೆ ನಾಗಪತಿ ಕೇಳಿದ್ನಿಲ್ಲೆ, ಆ ಕೋರ್ಟೂ ಕೇಳಿದ್ದಿಲ್ಲೆ. ನೀವಾದ್ರೂ ಕೇಳಿದ್ರಾ?"

ಸುಹಾಸ ಅತ್ತೆಗೆ ಹೇಳಿದ್ದ, ತನ್ನ ಪಿಎಚ್‌.ಡಿ. ಗೈಡಿಗೂ ಬಾಯಿಬಿಟ್ಟಿದ್ದ, ಪಂಚಾಂಗವನ್ನೂ ತೆಗೆದು ನೋಡಿದ್ದ. ಹೆಣ್ಣಿನ ಮಾತು ಕೇಳಬೇಕೆಂದು ಲೇಖನ ಬರೆದ ಪಂಡಿತ, ಅವಳನ್ನು ಮಾತ್ರ ಕೇಳಿರಲಿಲ್ಲ. ನಾಚಿಕೆಯಿಂದ ಅವನಿಗೆ ಅಲ್ಲೇ ಕರಗಿ ಹೋಗಬೇಕೆನಿಸಿತು.

ಸಣ್ಣ ದನಿಯಲ್ಲಿ ಕೇಳಿದ. "ನನ್ನ ಮದುವೆ ಆಗ್ತ್ರಾ?"

ಶ್ರೀಗೌರಿ ಸಮುದ್ರದ ಕಡೆ ತಿರುಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

"ಆಗ್ತೆ. ಇದಕ್ಕೆ ನನ್ನ ಒಪ್ಪಿಗೆ ಇದ್ದು. ಮನಃಪೂರ್ವಕ ಹೇಳಿ ಬರ್ಕೊಳ್ಳಿ."

ಅವನ ಕೈ ತಾನಾಗಿ ಮುಂದೆ ಬಂತು. ಅವಳು ಅದನ್ನು ಹಿಡಿದುಕೊಂಡಳು, ಬೆರಳಿಗೆ ಬೆರಳು ಸೇರಿಸಿ, ಬಿಗಿಯಾಗಿ.

"ಆದ್ರೆ ಆ ಕಾಗದಕ್ಕಿಲ್ಲೆ. ಸೋಮವಾರ ವಕೀಲರ ಹತ್ರ ಹೋಗಿ ನಾನೇ ಕೇಸ್ ಹಾಕ್ತೆ. ನಮ್ಮ ಕೋರ್ಟು ನನ್ನ ಮಾತು ಕೇಳಿ ಬಿಡಿಸ್ಲಿ."

"ವರ್ಷಗಟ್ಟಲೆ ಹಿಡಿತು."

"ಗೊತ್ತಿದ್ದು. ಅಲ್ಲಿವರೆಗೆ ನೀವು ಅಂಗಡಿಗೆ ಬರಬೇಡಿ, ಫೋನೂ ಮಾಡಬೇಡಿ. ನಾಗಪತಿಯ ಅಣ್ಣ ಕುಮಟೆಯಲ್ಲೇ ಇರ್ತ. ನಮ್ಮಿಬ್ಬರನ್ನ ಒಟ್ಟಿಗೆ ನೋಡಿದ್ರೆ ಅದನ್ನೇ ಹಿಡ್ಕೊಂಡು ಕೋರ್ಟಿಗೆ ಬರ್ತ. ತಪ್ಪು ನಂದೇ ಹೇಳಿ ಆಗ್ತು."

"ನಿಮ್ಮನ್ನ ನೋಡದೆ ಹೇಗಿರಲಿ ನಾನು?"

ತನಗಾದರೂ ಹೇಗೆ ಸಾಧ್ಯ ಎಂದು ಅವಳಿಗೇ ಗೊತ್ತಿರಲಿಲ್ಲ. ಕೈ ಬಿಡದೆ ಇಬ್ಬರೂ ಕೂತರು. ಸೆಲ್ಫಿ ತೆಗೆಯುವವರು ಬಂದರು, ಹೋದರು.

ಹೆದ್ದಾರಿಗೆ ಇಳಿದು ಬರುವಾಗ ಅವಳು ನಿಂತಳು. "ನಿಮ್ಮನ್ನೂ ಕೇಳಬೇಕಲ್ಲ ನಾನು. ಕಾಯ್ತ್ರಾ?"

"ಕಾಯ್ತೆ."

ಭಟ್ಕಳದಿಂದ ಕುಮಟೆಯ ಬಸ್ಸು ಬಂತು. ಹೊನ್ನಾವರಕ್ಕೂ ಅದೇ ಬಸ್ಸು, ಒಳಗೆ ಜಾಗವೂ ಇತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು ನೇರ ಮುಂದೆ ನೋಡಿದಳು. ಕಂಡಕ್ಟರು ಸುಹಾಸನ ಮುಖ ನೋಡಿ, "ಹೊನ್ನಾವರ, ಹೊನ್ನಾವರ, ಬರ್ತ್ರಾ?" ಎಂದ.

"ಇಲ್ಲ, ಮುಂದಿನದಕ್ಕೆ ಬರ್ತೆ" ಎಂದ ಸುಹಾಸ.