ತಾಯಿ ಮರಗಳ ಕೇಸು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಲ್ಲುಗುಡ್ಡೆ ಪೊಲೀಸ್ ಠಾಣೆಗೆ ಗಂಡ ಹೆಂಡತಿ ಒಟ್ಟಿಗೆ ಬಂದರು. ಗಂಡ ಮೋಹನ್ ಕುಮಾರ್, ಹೆಂಡತಿ ವರ್ಷಿಣಿ. ಠಾಣೆಯಿಂದ ಹಾಲ್ಕುರಿಕೆ ಕಡೆಗೆ ಹೋಗುವ ದಾರಿಯಲ್ಲಿ ಅವರ ತೆಂಗಿನ ತೋಟ. ಕುರ್ಚಿಯಲ್ಲಿ ಕೂತು ದೂರು ಹೇಳಿದವನು ಗಂಡ. ಹೆಂಡತಿ ನಿಂತೇ ಇದ್ದಳು.

"ನಮ್ಮ ಮರಗಳಿಗೆ ಯಾರೋ ತೂತು ಕೊರೆದು ವಿಷ ಹಾಕವ್ರೆ ಸಾರ್. ಹದಿನೇಳು ಮರ. ಗರಿ ಎಲ್ಲಾ ಹಳದಿಯಾಗಿ ಜೋತು ಬಿದ್ದವೆ."

"ಯಾರ ಮೇಲಾದ್ರೂ ಅನುಮಾನ ಇದ್ಯಾ?" ಇನ್‌ಸ್ಪೆಕ್ಟರ್ ತಿಮ್ಮರಾಜು ಕೇಳಿದರು.

"ಹುಚ್ಚಣ್ಣ ಅಂತ ಒಬ್ಬ ಅವ್ನೆ. ಕಾಯಿ ಕೀಳೋನು. ಹೋದ ವರ್ಷ ನಮ್ಮ ಕಾಯಿ ಕದ್ದು ಸಿಕ್ಕಾಕ್ಕೊಂಡಿದ್ದ."

ಆಗ ವರ್ಷಿಣಿ ಮೊದಲ ಸಲ ಬಾಯಿ ಬಿಟ್ಟಳು. "ಎರಡು ವಾರದ ಹಿಂದೆ, ಶನಿವಾರ ಭಾನುವಾರ, ನಾನು ಊರಲ್ಲಿರಲಿಲ್ಲ. ಧಾರವಾಡಕ್ಕೆ ರೈತರ ಸಭೆಗೆ ಹೋಗಿದ್ದೆ. ವಾಪಸ್ ಬಂದಾಗ ಮರದ ಬುಡದಲ್ಲಿ ಹೊಟ್ಟು ಬಿದ್ದಿತ್ತು. ಹುಳ ಇರ್ಬೇಕು ಅಂತ ಸುಮ್ಮನಾದೆ. ಆಮೇಲೆ ಗರಿ ಬಾಡೋಕೆ ಶುರುವಾದಾಗ ಕೆರೆದು ನೋಡಿದೆ. ತೂತಿಗೆ ಜೇಡಿಮಣ್ಣು ಮೆತ್ತಿದ್ರು."

ಎಫ್‌ಐಆರ್ ದಾಖಲಾಯಿತು. ಪಹಣಿ ವರ್ಷಿಣಿಯ ಹೆಸರಿನಲ್ಲಿದ್ದದ್ದರಿಂದ ದೂರುದಾರಳ ಜಾಗದಲ್ಲಿ ಅವಳ ಸಹಿ ಬಿತ್ತು. ತವರಿನವರು ಕೊಟ್ಟ ಬಯಲು ಹೊಲ ಅದು. ಗಂಡ ಹೆಂಡತಿ ಇಬ್ಬರೂ ಸೇರಿ ಗುಂಡಿ ತೋಡಿ, ಬಿಂದಿಗೆಯಲ್ಲಿ ನೀರು ಹೊತ್ತು ತೋಟ ಮಾಡಿದ್ದರು.

ಮಧ್ಯಾಹ್ನ ಸ್ಥಳ ಪಂಚನಾಮೆಗೆ ತಿಮ್ಮರಾಜು, ಸಬ್ ಇನ್‌ಸ್ಪೆಕ್ಟರ್ ಶಿಲ್ಪ, ಹೆಡ್ ಕಾನ್‌ಸ್ಟೇಬಲ್ ಮರುಳಸಿದ್ದಯ್ಯ ಹೋದರು. ಊರಿನ ಇಬ್ಬರು ಪಂಚರಾಗಿ ನಿಂತರು. ಈಗಿನ ಕಾನೂನಿನಂತೆ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದವಳು ಶಿಲ್ಪ. ತೂತುಗಳು ಸೊಂಟದ ಎತ್ತರದಲ್ಲಿದ್ದವು. ಮಣ್ಣು ತೆಗೆದರೆ ಕಳೆನಾಶಕದ ಘಾಟು ಮೂಗಿಗೆ ಹೊಡೆಯಿತು.

"ಈ ಮರ ಎಲ್ಲಾ ಇವತ್ತೇ ಕಡಿಸಿಬುಡ್ತೀನಿ ಸಾರ್," ಎಂದ ಮೋಹನ್ ಕುಮಾರ್. "ನೋಡೋಕಾಗಲ್ಲ."

"ಪ್ರಯೋಗಾಲಯಕ್ಕೆ ಮಾದರಿ ಹೋಗೋವರೆಗೂ ಒಂದು ಗರಿ ಮುಟ್ಟಬೇಡಿ," ಎಂದರು ತಿಮ್ಮರಾಜು.

ಮರುದಿನವೇ ಶಿಲ್ಪ ಆರೋಪಿಯನ್ನು ಪತ್ತೆ ಮಾಡಿದಳು. ಹಾಲಿನ ಡೈರಿಯ ಮುಂದಿನ ಕ್ಯಾಮೆರಾದಲ್ಲಿ, ವರ್ಷಿಣಿ ಊರಲ್ಲಿಲ್ಲದ ಭಾನುವಾರ ಸಂಜೆ, ಕೈಯಲ್ಲಿ ಕ್ಯಾನ್ ಹಿಡಿದ ಒಬ್ಬ ಗಂಡಸು ತೋಟದ ಕಡೆಗೆ ಹೋಗುವುದು ಕಾಣುತ್ತಿತ್ತು. ಶಿಲ್ಪ ಆ ಮುಖವನ್ನು ಇಲಾಖೆಯ ಮುಖ ಗುರುತಿಸುವ ಆ್ಯಪ್‌ಗೆ ಹಾಕಿದಳು. ಹಳೆಯ ಆರೋಪಿಗಳ ಚಿತ್ರಗಳಲ್ಲಿ ಹುಡುಕಿ ಅದು ಒಂದು ಹೆಸರು ಕೊಟ್ಟಿತು: ಹುಚ್ಚಣ್ಣ.

ಸಂಜೆಯ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಶಿಲ್ಪಳಿಗೆ ಅಭಿನಂದನೆಯ ಫೋನು ಬಂತು. ತಿಮ್ಮರಾಜು ಪಕ್ಕದ ಕೋಣೆಯಲ್ಲಿ ಕೂತು ಅವಳ "ಥ್ಯಾಂಕ್ಯೂ ಸರ್, ಥ್ಯಾಂಕ್ಯೂ ಸರ್" ಕೇಳಿಸಿಕೊಂಡರು. ಅವರ ಎದೆಯಲ್ಲಿ ಏನೋ ಚುಳ್ಳೆಂದಿತು. ಇದೇನು ಹೊಸದಲ್ಲ. ಶಿಲ್ಪ ಠಾಣೆಗೆ ಬಂದ ಎರಡು ವರ್ಷದಲ್ಲಿ ಪತ್ರಿಕೆಯಲ್ಲಿ ಅವಳ ಫೋಟೋ ಮೂರು ಸಲ ಬಂದಿತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಿಮ್ಮರಾಜು ಫೋಟೋ ಬಂದದ್ದು ಒಂದೇ ಸಲ, ಅದೂ ಗಣೇಶನ ಬಂದೋಬಸ್ತಿನ ಗುಂಪಿನಲ್ಲಿ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಮೊನ್ನೆ ಯಾರೋ ದಾರಿ ಕೇಳಿದಾಗ, "ಅದೇ ಶಿಲ್ಪ ಮೇಡಂ ಸ್ಟೇಷನ್ ಪಕ್ಕ" ಎಂದಿದ್ದ ಅಂಗಡಿಯವನು. ಇನ್‌ಸ್ಪೆಕ್ಟರು ಅಲ್ಲೇ ನಿಂತಿದ್ದರು.

ಹುಚ್ಚಣ್ಣನನ್ನು ಕರೆತಂದರು. ಐವತ್ತರ ಸುಮಾರಿನ ಒಣಕಲು ಮನುಷ್ಯ. ಮರ ಹತ್ತಿ ಹತ್ತಿ ಪಾದದ ಒಳಭಾಗ ಚಪ್ಪಲಿ ಅಟ್ಟೆಯ ಹಾಗೆ ದಡ್ಡುಗಟ್ಟಿತ್ತು.

"ಎರಡು ವಾರದ ಹಿಂದಿನ ಭಾನುವಾರ ಎಲ್ಲಿದ್ದೆ?" ಶಿಲ್ಪ ಕೇಳಿದಳು.

"ಹುಳಿಯಾರು ಕಡೆ ಕಾಯಿ ಕೀಳಕ್ಕೆ ಹೋಗಿದ್ದೆ ತಾಯಿ."

"ಕ್ಯಾಮೆರಾದಲ್ಲಿ ನೀನಿದೀಯ."

"ನಾನಲ್ಲ ತಾಯಿ ಅದು. ನಾನ್ಯಾಕೆ ಮರ ಕೊಲ್ಲಾನ? ಮರ ಹತ್ತಿ ಅನ್ನ ತಿನ್ನೋನು ನಾನು."

ಹೊರಗೆ ಅವನ ಹೆಂಡತಿ ಲಕ್ಷ್ಮಿದೇವಮ್ಮ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮರುಳಸಿದ್ದಯ್ಯ ಬಂದು ಇನ್‌ಸ್ಪೆಕ್ಟರ ಕಿವಿಯಲ್ಲಿ ಹೇಳಿದ: "ಊರಲ್ಲಿ ಆಗಲೇ ಸುದ್ದಿಯಾಗೈತೆ ಸಾರ್. ಇನ್ಮೇಲೆ ಅವನನ್ನ ಯಾರೂ ತೋಟಕ್ಕೆ ಕರೆಯಲ್ವಂತೆ. ಒಬ್ಬ ಅವನ ಮನೆ ಬಾಗಿಲಿಗೆ ಕಲ್ಲು ಎಸೆದವ್ನೆ."

ಶಿಲ್ಪ ಬಂಧನದ ಕಾಗದ ಸಿದ್ಧ ಮಾಡುತ್ತಿದ್ದಳು. ತಿಮ್ಮರಾಜು ಅವಳ ಮೇಜಿನ ಎದುರು ನಿಂತರು. "ಬಂಧನದ ಕಾರಣ ಬರೆದು ಕೊಡಬೇಕಲ್ಲಮ್ಮ ಈಗ. ಏನಂತ ಬರೀತೀರಿ?"

"ಮುಖ ಹೊಂದಾಣಿಕೆಯಾಗಿದೆ ಸರ್. ಹಳೇ ದ್ವೇಷ ಇದೆ. ದೂರಿನಲ್ಲೂ ಹೆಸರಿದೆ."

"ಆ್ಯಪ್ ಹೇಳಿದ್ದು ಹೋಲುತ್ತೆ ಅಂತ. ಅವನೇ ಅಂತ ಅಲ್ಲ. ಹುಳಿಯಾರಿಗೆ ಯಾರನ್ನಾದ್ರೂ ಕಳಿಸಿದ್ರಾ?"

ಶಿಲ್ಪ ಪೆನ್ನು ಕೆಳಗಿಟ್ಟು ತಲೆ ಎತ್ತಿದಳು. ಅವಳ ಕಣ್ಣಲ್ಲಿ ಒಂದು ಮಾತು ಓಡಿದ್ದು ತಿಮ್ಮರಾಜುಗೆ ಸ್ಪಷ್ಟವಾಗಿ ಕಾಣಿಸಿತು: ನನ್ನ ಕೇಸು ಅಂತ ಹೊಟ್ಟೆಕಿಚ್ಚು ಇವರಿಗೆ.

ಕೋಣೆಗೆ ಬಂದು ಕೂತಾಗ ಅದೇ ಮಾತು ಅವರನ್ನು ಕುಕ್ಕಿತು. ನಿಜ ಹೇಳಬೇಕೆಂದರೆ ಅವರಿಗೂ ಗೊತ್ತಿರಲಿಲ್ಲ. ಈ ಸಾಕ್ಷ್ಯ ತೆಳುವಾಗಿದೆ ಎಂದು ಅನುಮಾನವೋ, ಅಥವಾ ಇದು ಶಿಲ್ಪಳದ್ದು ಎಂದು ಅನುಮಾನವೋ? ಬೇರೆ ಯಾರಾದರೂ ತಂದಿದ್ದರೆ ಸಹಿ ಹಾಕಿಬಿಡುತ್ತಿದ್ದೆನೇ? ಮೆಟ್ಟಿಲ ಮೇಲೆ ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಕಟ್ಟಿ ತಂದ ಮುದ್ದೆ ಬಿಚ್ಚದೆ ಹಾಗೇ ಕೂತಿದ್ದಳು. ತಿಮ್ಮರಾಜು ಮರುಳಸಿದ್ದಯ್ಯನನ್ನು ಹುಳಿಯಾರಿಗೆ ಅಟ್ಟಿದರು.

ಹೋದವನು ಬೇಗ ಫೋನ್ ಮಾಡಿದ. ಹುಚ್ಚಣ್ಣ ಅಲ್ಲಿ ಸದಾಶಿವಯ್ಯ ಎಂಬುವರ ತೋಟದಲ್ಲಿ ಆ ವಾರವೆಲ್ಲ ಕೆಲಸ ಮಾಡಿದ್ದ. ಶನಿವಾರ, ಭಾನುವಾರ ಅಲ್ಲೇ ಕೊಬ್ಬರಿ ಮನೆಯ ಜಗುಲಿಯಲ್ಲಿ ಮಲಗಿದ್ದ. ಇಡೀ ಕುಟುಂಬ ಹೇಳಿಕೆ ಕೊಡಲು ತಯಾರಿತ್ತು. ಕ್ಯಾಮೆರಾದಲ್ಲಿದ್ದವನು ಗೊಬ್ಬರದ ಲಾರಿಯ ಕ್ಲೀನರು, ನೀರು ಹಿಡಿಯಲು ಹೋದವನು ಎಂದು ಡೈರಿಯವರೇ ಆಮೇಲೆ ಗುರುತಿಸಿದರು.

ಸುದ್ದಿ ಕೇಳಿದಾಗ ತಿಮ್ಮರಾಜುಗೆ ಆದ ಮೊದಲ ಭಾವನೆ ಸಂತೋಷ. ಹುಚ್ಚಣ್ಣ ಬಚಾವಾದ ಎಂದಲ್ಲ, ಶಿಲ್ಪ ಬಿದ್ದಳು ಎಂದು. ಆ ಸಂತೋಷ ಬಾಯಲ್ಲಿ ಬೆಲ್ಲದ ಹಾಗೆ ಕರಗುತ್ತಿರುವಾಗಲೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಹುಚ್ಚಣ್ಣನನ್ನು ತಾವೇ ಹೊರಗೆ ಕರೆದುಕೊಂಡು ಬಂದು, ಠಾಣೆಯ ಜೀಪಿನಲ್ಲಿ ಊರಿಗೆ ಕಳಿಸಿ, ಊರ ನಡುವೆ ನಿಲ್ಲಿಸಿ ಇವನದೇನೂ ತಪ್ಪಿಲ್ಲ ಎಂದು ಹೇಳಿಸಿದರು.

ಬುಧವಾರ ಮತ್ತೆ ತೋಟಕ್ಕೆ ಹೋದಾಗ ಶಿಲ್ಪಳನ್ನೂ ಕರೆದರು. ವರ್ಷಿಣಿ ಒಬ್ಬಳೇ ಇದ್ದಳು, ಮೋಟರು ಚಾಲೂ ಮಾಡಿ ಬುಡಗಳಿಗೆ ನೀರು ಬಿಡುತ್ತಿದ್ದಳು. ಸಾಯುವ ಮರಗಳಿಗೂ.

ತಿಮ್ಮರಾಜುಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ವಿಷ ಬಿದ್ದ ಮರಗಳು ಒಂದೇ ಸಾಲಿನಲ್ಲಿರಲಿಲ್ಲ. ಇಲ್ಲಿ ಒಂದು, ಅಲ್ಲಿ ಎರಡು, ಬಾವಿಯ ಹತ್ತಿರ ಒಂದು.

"ಈ ಮರಗಳದ್ದು ಏನಮ್ಮ ವಿಶೇಷ?"

ವರ್ಷಿಣಿ ಕೈ ಒರೆಸಿಕೊಂಡಳು. "ಇವು ತಾಯಿ ಮರ ಸಾರ್. ಬಿತ್ತನೆ ಕಾಯಿಗೆ ಅಂತ ತೋಟಗಾರಿಕೆಯವರು ಆರಿಸಿದ್ರು. ಇಡೀ ಜಿಲ್ಲೆಗೆ ಇಲ್ಲಿಂದ ಸಸಿ ಹೋಗಬೇಕಿತ್ತು."

"ಗುರುತು ಹಾಕಿದ್ರಾ?"

"ಇಲ್ಲ. ನಾನು ಧಾರವಾಡಕ್ಕೆ ಹೋಗೋ ಮುಂಚಿನ ಗುರುವಾರ ಬಂದು ಕೈ ಮಾಡಿ ತೋರಿಸಿ ಹೋದ್ರು. ಬಣ್ಣ ಬಳಿಯೋಕೆ ತಿಂಗಳು ಬಿಟ್ಟು ಬರ್ತೀವಿ ಅಂದಿದ್ರು. ಅಷ್ಟರಲ್ಲಿ..."

"ಅವರು ತೋರಿಸುವಾಗ ಯಾರ‍್ಯಾರಿದ್ರು?"

"ಆ ಅಧಿಕಾರಿ, ನಾನು. ನಮ್ಮ ಯಜಮಾನ್ರು."

ನೀರು ಪಾತಿ ತುಂಬಿ ಆಚೆ ಹರಿಯತೊಡಗಿತು. ಅವಳು ತಿರುಗಿಸಲಿಲ್ಲ.

ತಿಮ್ಮರಾಜು ಶಿಲ್ಪಳ ಮುಖ ನೋಡಿದರು. ಅವಳು ಆಗಲೇ ಒಂದು ಹೆಜ್ಜೆ ಮುಂದಿದ್ದಳು. "ಸರ್, ಬಾವಿ ಕಡೆ ಬಿಟ್ಟರೆ ತೋಟದ ಈ ಭಾಗಕ್ಕೆ ಕರೆಂಟಿಲ್ಲ. ತೂತು ನುಣುಪಾಗಿದೆ. ಬ್ಯಾಟರಿ ಡ್ರಿಲ್ಲೇ ಆಗಿರಬೇಕು. ಅದು ಎಲ್ಲಾರ ಮನೆಯಲ್ಲೂ ಇರಲ್ಲ. ಬಡಗಿಗಳನ್ನ ವಿಚಾರಿಸ್ತೀನಿ."

ಆ ಕೆಲಸವನ್ನು ಅವಳೇ ಮಾಡಿದಳು. ಮಧ್ಯಾಹ್ನದೊಳಗೆ ಪಕ್ಕದ ಊರಿನ ಬಡಗಿ ಗಂಗಾಧರ್ ಸಿಕ್ಕಿದ. "ಮೋಹನ್ ಕುಮಾರ್ ಅವ್ರು ಎರಡು ವಾರದ ಹಿಂದೆ ಶನಿವಾರ ಇಸ್ಕೊಂಡೋದ್ರು ಮೇಡಂ. ಕೊಟ್ಟಿಗೆಗೆ ಗೂಟ ಹೊಡೀಬೇಕು ಅಂದ್ರು. ವಾಪಸ್ ಕೊಟ್ಟಾಗ ಡ್ರಿಲ್ಲಿನ ಮುಂದಿನ ಕೊರೆಯೋ ಬಿಟ್ಟು ಕಳೆ ಔಷಧಿ ವಾಸನೆ ಹೊಡೀತಿತ್ತು. ನಾನು ತಲೆ ಕೆಡಿಸ್ಕೊಳ್ಳಲಿಲ್ಲ." ಡ್ರಿಲ್ಲನ್ನೂ ಬಿಟ್ಟನ್ನೂ ಪಂಚರ ಎದುರು ವಶಪಡಿಸಿಕೊಂಡರು. ಬಿಟ್ಟಿನ ಸುರುಳಿಯಲ್ಲಿ ತೆಂಗಿನ ನಾರು ಇನ್ನೂ ಸಿಕ್ಕಿಕೊಂಡಿತ್ತು.

ಶಿಲ್ಪ ತಂದ ಈ ಸಾಕ್ಷ್ಯ ನೋಡಿದಾಗ ತಿಮ್ಮರಾಜುಗೆ ಮತ್ತೆ ಅದೇ ಚಳುಕು. ಈ ಸಲ ಅವರು ಅದನ್ನು ಗುರುತಿಸಿದರು. ಕೇಸ್ ಡೈರಿಯಲ್ಲಿ ಅವಳ ಹೆಸರು ಬರೆದು, ಅದರ ಕೆಳಗೆ ಸಹಿ ಹಾಕಿದರು.

ಮೋಹನ್ ಕುಮಾರ್‌ನನ್ನು ಸಂಜೆ ನಾಲ್ಕಕ್ಕೆ ಠಾಣೆಗೆ ಕರೆಸಿದರು. ಕ್ಯಾಮೆರಾ ಚಾಲೂ ಇತ್ತು. ಯಾರೂ ದನಿ ಏರಿಸಲಿಲ್ಲ.

"ಕೊಟ್ಟಿಗೆಗೆ ಎಷ್ಟು ಗೂಟ ಹೊಡೆದ್ರಿ?"

"ಇನ್ನೂ ಹೊಡೆದಿಲ್ಲ ಸಾರ್."

"ಮತ್ತೆ ಡ್ರಿಲ್ಲು?"

ಮೋಹನ್ ಕುಮಾರ್ ಟವೆಲಿನಿಂದ ಕತ್ತು ಒರೆಸಿಕೊಂಡ.

ತಿಮ್ಮರಾಜು ಮುಂದಿನ ಪ್ರಶ್ನೆಯನ್ನು ಬರೆದುಕೊಂಡಿರಲಿಲ್ಲ. ತಾನಾಗೇ ಬಂತು. "ಊರಲ್ಲಿ ನಿಮ್ಮನ್ನ ಏನಂತ ಕರೀತಾರೆ?"

"ಮೋಹನಣ್ಣ ಅಂತಾರೆ."

"ಎಲ್ಲಾರೂನಾ?"

ಅವನು ತಲೆ ತಗ್ಗಿಸಿದ. "ವರ್ಷಿಣಿ ಗಂಡ ಅಂತಾರೆ," ಎಂದ.

"ಎಷ್ಟು ದಿನದಿಂದ?"

"ಅವಳಿಗೆ ಒಳ್ಳೆ ರೈತ ಮಹಿಳೆ ಅಂತ ಪ್ರಶಸ್ತಿ ಬಂದಾಗಿನಿಂದ. ಗುಂಡಿ ತೋಡಿದ್ದು ನಾನೂ ಅಲ್ವಾ ಸಾರ್? ಅಂಗೈ ಕಿತ್ತೋಗಿತ್ತು. ಈಗ ಬಸ್ಸು ತುಂಬಾ ರೈತರು ಬತ್ತಾರೆ. ಅವಳು ಮಾತಾಡ್ತಾಳೆ. ನಾನು ಅವರಿಗೆ ಮಜ್ಜಿಗೆ ಹಂಚ್ತೀನಿ. ಒಂದು ದಿನ ಪೇಪರ್‌ನೋನು ಬಂದು, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ರೀ, ಮೇಡಂ ಮೇಲೆ ನೆರಳು ಬೀಳ್ತೈತೆ ಅಂದ. ಆವತ್ತು ಗುರುವಾರ ಮರ ಆರಿಸೋಕೆ ಬಂದ ಆಫೀಸರ್ರು, ಇದು ನಿಮ್ಮ ಹೆಸರಿನ ತಳಿಯಾಗುತ್ತೆ ಮೇಡಂ ಅಂದ್ರು. ನಾನು ಅಲ್ಲೇ ಇದ್ದೆ. ತಿರುಗಿ ಕೂಡ ನೋಡ್ಲಿಲ್ಲ."

"ಅವರಿಗೆ ಹೇಳಿದ್ರಾ ಇದನ್ನೆಲ್ಲಾ?"

"ಹೆಂಡ್ತಿಗೆ? ಏನಂತ ಹೇಳಾನ ಸಾರ್?"

ಶಿಲ್ಪ ಮೇಜಿನ ಮೇಲೆ ಕಣ್ಣಿಟ್ಟಿದ್ದಳು. ತಿಮ್ಮರಾಜು ಒಂದು ಲೋಟ ನೀರು ಅವನ ಕಡೆ ತಳ್ಳಿದರು. ಪೊಲೀಸರ ಮುಂದೆ ಹೇಳಿದ ಈ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ಅವನೇ ತೋರಿಸಿಕೊಡುವ ವಸ್ತುವಿಗೆ ಬೆಲೆಯಿದೆ ಎಂದು ಅವರಿಗೆ ಗೊತ್ತಿತ್ತು. "ಉಳಿದ ಔಷಧಿ ಎಲ್ಲಿದೆ?" ಎಂದು ಕೇಳಿದರು.

ಗುರುವಾರ ಬೆಳಿಗ್ಗೆ ಮೋಹನ್ ಕುಮಾರ್ ಪಂಚರ ಎದುರು, ಕ್ಯಾಮೆರಾದ ಎದುರು, ಮನೆಯ ಹಿಂದಿನ ಸಿಪ್ಪೆ ಗುಡ್ಡೆಯನ್ನು ಕೆದಕಿ ಕ್ಯಾನು ತೆಗೆದುಕೊಟ್ಟ. ಅದರ ಜೊತೆಗೇ ಪಿಚಕಾರಿಯೂ ಇತ್ತು. ಪಂಚನಾಮೆ ಮುಗಿಯಿತು. ಮರಗಳಿಗೆ ವಿಷ ಹಾಕಿದ್ದು, ಸಾಕ್ಷ್ಯ ನಾಶಕ್ಕೆ ಮರ ಕಡಿಸಲು ಹೊರಟಿದ್ದು, ಬೇರೆಯವನ ಮೇಲೆ ಸುಳ್ಳು ಅನುಮಾನ ಹೊರಿಸಿದ್ದು ಎಂಬ ಕಾರಣಗಳನ್ನು ಬರೆದು, ಓದಿ ಹೇಳಿ, ಪ್ರತಿ ಕೊಟ್ಟು ಅವನನ್ನು ಬಂಧಿಸಿದರು. ಬಂಧನದ ಮಾಹಿತಿ ಕುಟುಂಬದವರಿಗೆ ತಿಳಿಸಬೇಕು ಎಂಬುದು ನಿಯಮ. ತಿಳಿಸಬೇಕಾದವಳು ಅಂಗಳದಲ್ಲೇ ನಿಂತಿದ್ದಳು.

ವರ್ಷಿಣಿ ಅಳಲಿಲ್ಲ, ಬೈಯಲಿಲ್ಲ. ಕಾಗದ ತಗೊಂಡು ಸಹಿ ಮಾಡಿದಳು.

"ಹುಚ್ಚಣ್ಣನ ಹೆಸರು ಯಾಕೆ ಹೇಳ್ದೆ?" ಎಂದು ಅಷ್ಟೇ ಕೇಳಿದಳು.

ಗಂಡ ಮುಂದೆ ನಡೆದ. ಜೀಪು ಹತ್ತುವಾಗ ಒಂದು ಕಾಲು ಮೇಲಿಟ್ಟವನು ನಿಂತ. ಅವಳ ಕಡೆ ನೋಡದೆ, ತೋಟದ ಕಡೆ ಮುಖ ಮಾಡಿ ಹೇಳಿದ:

"ಬಾವಿ ಹತ್ರದ ಮರಕ್ಕೆ ಔಷಧಿ ಪೂರ್ತಿ ಹಾಕಲಿಲ್ಲ. ಅದು ನಾವು ಮೊದಲು ನೆಟ್ಟಿದ್ದು. ಕೈ ಬರಲಿಲ್ಲ. ತೂತು ಬಿಡಿಸಿ ತೊಳೆದ್ರೆ ಉಳಿದ್ರೂ ಉಳೀಬೋದು."

ಮರುಳಸಿದ್ದಯ್ಯ ಬಾಗಿಲು ಹಾಕಿದ. ಜೀಪು ತಿರುಗುವಾಗ ತಿಮ್ಮರಾಜು ಕನ್ನಡಿಯಲ್ಲಿ ನೋಡಿದರು. ವರ್ಷಿಣಿ ಜೀಪಿನ ಕಡೆ ನೋಡುತ್ತಿರಲಿಲ್ಲ. ಬಕೆಟ್ಟು ತಗೊಂಡು ಬಾವಿಯ ಕಡೆ ಓಡುತ್ತಿದ್ದಳು. ಅವಳ ಹಿಂದೆಯೇ ಶೂ ಕೆಸರಾಗುವುದನ್ನೂ ಲೆಕ್ಕಿಸದೆ ಶಿಲ್ಪ ಇನ್ನೊಂದು ಬಕೆಟ್ಟು ಹಿಡಿದು ಓಡಿದಳು.