ತಂಗಮ್ಮನ ಪದಕ್ಕೆ ನಾನು ಬರೆದ ವಿಮರ್ಶೆ

"ಓದಿ ಮೇಡಂ. ಬೈದಿದ್ರೆ ಮೆಲ್ಲಗೆ ಓದಿ, ಹೊಗಳಿದ್ರೆ ಜೋರಾಗಿ."

ಗೋವಿಂದರಾಜ್ ಬೆಂಗಳೂರಿನ ವಾರಪತ್ರಿಕೆಯೊಂದನ್ನು ನನ್ನ ಟೈಪ್‌ರೈಟರಿನ ಮೇಲೆಯೇ ಹರಡಿದ. ಸೇಲಂನ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅದು ಊಟದ ಹೊತ್ತು, ನಾವಿಬ್ಬರೇ ಇದ್ದೆವು. ಪುಟದ ಮೇಲ್ಗಡೆ ಅವನ ಫೋಟೋ, ಪಕ್ಕದಲ್ಲಿ ಅವನ ಫೋಕ್ ರಾಕ್ ಬ್ಯಾಂಡ್ 'ಬೀಸುಕಲ್ಲಿ'ನ ಹೊಸ ಕ್ಯಾಸೆಟ್, ಕೆಳಗೆ ವಿಮರ್ಶೆ. ಕೊನೆಯಲ್ಲಿ 'ಅಪರ್ಣಾ' ಎಂಬ ಹೆಸರು.

ಆ ಅಪರ್ಣಾ ನಾನೇ. ಹರಿಪ್ರಿಯಾ ಎಂಬ ಸ್ವಂತ ಹೆಸರು ಹಾಕಲು ಧೈರ್ಯ ಸಾಲದೆ ಇಟ್ಟುಕೊಂಡದ್ದು.

ಗೋವಿಂದ್‌ಗೆ ಕನ್ನಡ ಮನೆಮಾತು, ಓದಿದ್ದೆಲ್ಲ ತಮಿಳು. ನನಗಾದರೆ ಅಮ್ಮ ಅಡುಗೆಮನೆಯಲ್ಲೇ ಸ್ಲೇಟು ಹಿಡಿಸಿ ಕನ್ನಡ ಅಕ್ಷರ ಕಲಿಸಿದ್ದಳು. ಮೂರು ತಿಂಗಳ ಹಿಂದೆ ತಾರಮಂಗಲಂ ಬಸ್ಸಿನಲ್ಲಿ ಅವನು ನನಗೊಂದು ನೋಟ್‌ಬುಕ್ ತೋರಿಸಿದ್ದ. ಅಜ್ಜಿ ತಂಗಮ್ಮ ಹೇಳಿಕೊಟ್ಟ ರಾಗಿ ಬೀಸುವ ಪದಗಳು. ಮಾತು ಕನ್ನಡ, ಅಕ್ಷರ ಮಾತ್ರ ತಮಿಳು.

"ಬ್ಯಾಂಡ್ ಹುಡುಗ್ರಿಗೂ ಗೊತ್ತಿಲ್ಲ. ನಾಚ್ಕೆ ಆಯ್ತದೆ. ನಿಮ್ಗೆ ಮಾತ್ರ ಹೇಳ್ತಾ ಇವ್ನಿ" ಎಂದಿದ್ದ. ಹೇಳುವಾಗ ಅವನ ಕಿವಿಗಳು ಕೆಂಪಾಗಿದ್ದವು. ನನಗೆ ಅವನ ಮೇಲೆ ಮನಸ್ಸಾದದ್ದು ಆ ಗಳಿಗೆಯಲ್ಲೇ.

ಅಷ್ಟಾದರೂ ಬರೆದೆ. ಹಿಂದೆ ಎರಡು ಸಲ ಹೊಗಳಿ ಬರೆದ ಲೇಖನಗಳು ಪತ್ರಿಕೆಯಿಂದ ವಾಪಸ್ಸು ಬಂದಿದ್ದವು. ಚುಚ್ಚಿ ಬರೆದರೆ ಅಚ್ಚಾಗುತ್ತದೆ ಅನ್ನಿಸಿತು. ಆಯಿತು ಕೂಡ.

"ಏನ್ ಮೇಡಂ, ಕಣ್ಣಲ್ಲೇ ಓದ್ಕೊಂತೀರಾ? ನಂಗೂ ಕೊಂಚ ಕೇಳ್ಲಿ."

ಓದಿದೆ. ಕಾಗದದಲ್ಲಿ ಇದ್ದದ್ದನ್ನಲ್ಲ. "ಈ ಹುಡುಗರ ಹಾಡಿನಲ್ಲಿ ಮಣ್ಣಿನ ವಾಸನೆಯಿದೆ" ಎಂದೆ. ಎಲ್ಲಕ್ಕಿಂತ ಕ್ರೂರವಾದ ಸಾಲು ಇದ್ದ ಜಾಗಕ್ಕೆ ಬಂದಾಗ, "ಇಂಥ ಅಚ್ಚಕನ್ನಡದ ನಾಲಗೆ ಈಗ ಅಪರೂಪ" ಎಂದೆ. ಅವನು ಬಾಯಿ ತೆರೆದುಕೊಂಡು ನನ್ನ ತುಟಿಗಳನ್ನೇ ನೋಡುತ್ತಿದ್ದ.

"ಯಾರೋ ಈ ಅಪರ್ಣಾ! ಸಿಕ್ಕಿದ್ರೆ ಕಾಲಿಗೆ ಬಿದ್ಬುಡ್ತೀನಿ."

"ಬೀಳಬೇಡಿ."

"ಯಾಕೆ, ಒಟ್ಟೆಕಿಚ್ಚಾ?" ಎಂದು ಕಣ್ಣು ಕಿರಿದು ಮಾಡಿ ನಕ್ಕ. "ಭಾನುವಾರ ನಂಗವಳ್ಳೀಲಿ, ನಮ್ಮೂರಲ್ಲೇ ಪ್ರೋಗ್ರಾಮ್. ಸುಬ್ಬರಾಯನ್ ಸಾರ್ ಕನ್ನಡ ಮೇಷ್ಟ್ರಾಗಿದ್ದೋರು. ಅವ್ರ ಕೈಲಿ ಮೈಕಲ್ಲಿ ಇದ್ನ ಓದಿಸ್ತೀನಿ. ನಮ್ಮಜ್ಜಿ ಕೇಳ್ಬೇಕು."

ನಾನು ಪತ್ರಿಕೆ ಮಡಚಿ ವಾಪಸ್ಸು ಕೊಟ್ಟೆ.

ಭಾನುವಾರದವರೆಗೆ ಅನ್ನ ಸೇರಲಿಲ್ಲ. ಅಂದು ಮಧ್ಯಾಹ್ನ ಮೂರಕ್ಕೆ ನಂಗವಳ್ಳಿಯಲ್ಲಿ ಇಳಿದು, ಸ್ಟೇಜಿನ ಹಿಂದೆ ಗಿಟಾರಿನ ತಂತಿ ಬಿಗಿಯುತ್ತಿದ್ದ ಅವನ ಮುಂದೆ ನಿಂತೆ.

"ಅಪರ್ಣಾ ನಾನೇ, ಗೋವಿಂದ್."

"ಹಂಗಾರೆ ಕಾಲು ಕೊಡಿ ಮತ್ತೆ!"

"ಅವತ್ತು ನಾನು ಓದಿದ್ದು ಅದರಲ್ಲಿಲ್ಲ."

ಅವನ ನಗು ನಿಂತಿತು. ಜೇಬಿನಿಂದ ಪತ್ರಿಕೆ ತೆಗೆದು ಕೊಟ್ಟ. "ಇರೋದ್ನ ಓದಿ."

"ಬೀಸುವವಳು ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವಾಗ ಪದ ನಿಲ್ಲುತ್ತದೆ. ಆ ಬಿಡುವನ್ನೆಲ್ಲ ಗಿಟಾರಿನಿಂದ ತುಂಬಿ, ಹಾಡಿಗೆ ಉಸಿರಾಡಲು ಜಾಗವೇ ಇಲ್ಲದಂತೆ ಮಾಡಿದ್ದಾರೆ."

"ನಿಜ. ಅಜ್ಜಿನೂ ಇದ್ಕೇ ಬೈದ್ಲು. ಮುಂದೆ?"

"ಹಾಡುವವನಿಗೆ ಕನ್ನಡದ ಒಂದಕ್ಷರ ಬಾರದು. ತಮಿಳಿನಲ್ಲಿ ಬರೆದುಕೊಂಡು ಒಪ್ಪಿಸುತ್ತಾನೆ. ತಾಯಿನುಡಿ ಇವನಿಗೆ ಸ್ಟೇಜಿಗೆ ಹಾಕುವ ವೇಷ."

ಅವನು ಪತ್ರಿಕೆಯನ್ನು ತೆಗೆದುಕೊಂಡು ಜೇಬಿಗೆ ತುರುಕಿದ.

"ಬಸ್ಸಲ್ಲಿ ಹೇಳಿದ್ದು" ಎಂದ ಆಮೇಲೆ.

"ಹೌದು."

"ನಿಮ್ಗೆ ಮಾತ್ರ ಹೇಳಿದ್ದು."

ಅವನು ಸೀದಾ ಸ್ಟೇಜಿಗೆ ಹೋಗಿ, ಓದಲು ಕಾದಿದ್ದ ಸುಬ್ಬರಾಯನ್ ಅವರ ಮುಂದಿನ ಮೈಕನ್ನು ತನ್ನ ಕಡೆ ಎಳೆದುಕೊಂಡ. ನಾನು ಹೆಂಗಸರ ನಡುವೆ ತಲೆತಗ್ಗಿಸಿ ಕೂತೆ.

"ನಂಗೆ ಕನ್ನಡ ಓದಕ್ಕೆ ಬರಲ್ಲ ಅಂತ ಪೇಪರ್‌ನಲ್ಲಿ ಬಂದೈತೆ. ನಿಜ. ನಮ್ ಹುಡುಗ್ರಿಗೂ ನಾನು ಹೇಳಿರ್ಲಿಲ್ಲ."

ಡ್ರಮ್ಮಿನವನು ಬೆಚ್ಚಿ ನೋಡಿದ. ಮುಂದಿನ ಚಾಪೆಯಿಂದ ತಂಗಮ್ಮ ಕೂಗಿದಳು: "ಲೇ, ನಂಗೂ ಬರಲ್ಲ ಕಣ್ಲಾ! ಪದ ನಿಂತೋಯ್ತಾ? ಯಾವಳ್ಲಾ ಅದ ಬರ್ದೋಳು?"

ಎಲ್ಲರೂ ನಕ್ಕರು. ಗೋವಿಂದ್ ಬಾಯಿಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ಜನಕ್ಕೆ ತಿಳಿದೀತೆಂದು ತಂತಿಗಳನ್ನೇ ನೋಡುತ್ತಿದ್ದ. ಅವನು ಬೈದಿದ್ದರೆ ಕೂತೇ ಇರುತ್ತಿದ್ದೆನೇನೋ. ಹಾಗೆ ನನ್ನನ್ನು ಮುಚ್ಚಿಟ್ಟದ್ದನ್ನು ತಡೆಯಲಾಗಲಿಲ್ಲ.

ಎದ್ದು ನಿಂತೆ. "ಬರೆದೋಳು ನಾನು, ಅಜ್ಜಿ. ನನ್ನನ್ನ ನಂಬಿ ಹೇಳಿದ್ದನ್ನ ಪೇಪರಿಗೆ ಹಾಕಿಬಿಟ್ಟೆ. ತಪ್ಪಾಯಿತು."

ಅಷ್ಟೂ ಹೆಂಗಸರು ತಿರುಗಿದರು. ಮುಖ ಕೆಂಡದಂತೆ ಸುಡುತ್ತಿತ್ತು. ಅಜ್ಜಿ ನನ್ನನ್ನು ಅಡಿಯಿಂದ ಮುಡಿವರೆಗೆ ಅಳೆದಳು.

"ಬಾಯಿ ಐತಲ್ಲ, ಪರವಾಯಿಲ್ಲೆ. ಕೂತ್ಕೊ. ನೆಟ್ಟಗೆ ಕೇಳು, ಆಮೇಲೆ ಬರಿ."

ಅಂದು ಅವನು ಹೇಗೆ ಹಾಡಿದನೆಂದು ನನ್ನನ್ನು ಕೇಳಬೇಡಿ. ನನ್ನ ಕಿವಿಯಲ್ಲಿ ನನ್ನ ಎದೆಯ ಸದ್ದೇ ತುಂಬಿತ್ತು.

ಐದೂವರೆಗೆ ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಕೂತಿದ್ದೆ. ಅವನು ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ನೀವಂದ್ರೆ ನಂಗೆ ಪ್ರಾಣ ಗೋವಿಂದ್" ಎಂದೆ. "ಬರೆಯೋವಾಗ ಅದೆಲ್ಲಿ ಹೋಗಿತ್ತೋ, ನಂಗೇ ಗೊತ್ತಿಲ್ಲ."

ಅವನು ಚಪ್ಪಲಿಯಿಂದ ಮಣ್ಣು ಕೆರೆಯುತ್ತಿದ್ದ. "ಕೋಪ ಐತೆ. ಇನ್ನೂ ಕೊಂಚ ದಿನ ಇರ್ತದೆ." ಸ್ವಲ್ಪ ತಡೆದು ಕೇಳಿದ: "ಅಲ್ಲೀಗಂಟ ನೀವೂ ಇರ್ತೀರಾ?"

ಅಷ್ಟರಲ್ಲಿ ಬಸ್ಸು ಬಂತು. "ಸೇಲಂ, ಸೇಲಂ! ಏರುಂಗಮ್ಮಾ!" ಎಂದು ಕಂಡಕ್ಟರ್ ಹತ್ತಲು ಅವಸರ ಮಾಡಿದ.

"ನಾ ವರಲೆಣ್ಣಾ" ಎಂದು, ಬರಲ್ಲವೆಂದು ತಮಿಳಲ್ಲೇ ಹೇಳಿ ಬಸ್ಸನ್ನು ಕಳಿಸಿಬಿಟ್ಟೆ.

ಗೋವಿಂದ್ ಆಗಲೂ ನನ್ನತ್ತ ನೋಡಲಿಲ್ಲ. ಬೆಂಚಿನ ತುದಿಯಿಂದ ಒಂದು ಗೇಣು ಈಚೆಗೆ ಸರಿದು ಕೂತ.